ಚಿತ್ರದ ಬೆಲೆ ಅಂಗುಲಕ್ಕೆಷ್ಟು?

ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗೆ, ಫುಟ್‌ಪಾತಿನ ಮೇಲೆ ಚಿತ್ರ ಮಾರುವ ಕಲಾವಿದರೊಡನೆ ನಾವೂ ಚೌಕಾಸಿ ಮಾಡಿದವರೇ: "ಇಷ್ಟು ಸಣ್ಣ ಚಿತ್ರಕ್ಕೆ ಇಷ್ಟೊಂದೇ?" ಕಲಾವಿದರಲ್ಲೂ ಹಲವರು ಚದರ ಅಂಗುಲಕ್ಕಿಷ್ಟೆಂದು ದರ ಹಾಕಿ ಉದ್ದಗಲಕ್ಕೆ ಗುಣಿಸುತ್ತಾರೆ. ಲೆಕ್ಕ ಸುಲಭ, ಆದರೆ ಅದು ಕ್ಯಾನ್‌ವಾಸಿನ ಲೆಕ್ಕ, ಕಲೆಯದಲ್ಲ.

ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಲಯವನ್ನು ಅರಿಯಲೆಂದು ಕಥಕ್ ಕಲಿತರು. ಅವರ ನಾಲ್ಕೇ ಗೆರೆಗಳಲ್ಲಿ ನರ್ತಕಿ ಎದ್ದು ನಿಲ್ಲುತ್ತಾಳೆ. ಆ ಕಲಿಕೆ ಯಾವ ಅಳತೆಪಟ್ಟಿಗೆ ಸಿಕ್ಕೀತು?

2002ರಲ್ಲಿ ತಯ್ಯಬ್ ಮೆಹ್ತಾ ಅವರ 'ಸೆಲೆಬ್ರೇಷನ್' ಹರಾಜಿನಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಹೋಯಿತು. ಹರಾಜಿನ ಹಣ ಸೇರುವುದು ಚಿತ್ರದ ಒಡೆಯನಿಗೆ. ಬರೆದವನ ಕೈಗೆ ಬರುವುದು ಸಾಮಾನ್ಯವಾಗಿ ಮೊದಲ ಮಾರಾಟದ ದುಡ್ಡು ಮಾತ್ರ. ಬಣ್ಣ, ಚೌಕಟ್ಟು, ಮನೆಬಾಡಿಗೆ, ಒಂದೂ ಮಾರಾಟವಾಗದ ತಿಂಗಳುಗಳು ಎಲ್ಲವೂ ಅದರಲ್ಲೇ ತೂಗಬೇಕು. ತುಟ್ಟಿಭತ್ಯೆಯ ಒಂದು ಕಂತು ತಡವಾದರೆ ಗೊಣಗುವ ನಾವು, ಅವರ ಬೆಲೆಯಲ್ಲಿ ಕಡಿತ ಕೇಳುವುದು ಸರಿಯೇ?