ಕೇಬಲ್ಲಿನ ಕುಶಲತೆ

ತಡವಳದ ಸುತ್ತಣ ಕರಿನೆಲವು ವೈಶಾಖದ ಬಿಸಿಲಿಗೆ ಬಾಯ್ದೆರೆದು ಬಿರಿದುದನ್ನು ಕಂಡವರು, ಈ ಸೊಲ್ಲಾಪುರ ಸೀಮೆಯಲ್ಲಿ ದೊಡ್ಡ ಮೋಟಾರುಗಳಿಗೆ ಕೇಬಲ್ಲು ಹೂಳುವವನ ವಿವೇಕವು ಏಕೆ ಸ್ತುತ್ಯರ್ಹವೆಂಬುದನ್ನು ಬೇಗನೆ ಮನಗಾಣುವರು. ಒಣಗಿದ ಮಣ್ಣು ಶಾಖವನ್ನು ಸುಲಭವಾಗಿ ಹೊರಬಿಡದಾದುದರಿಂದ, ತೇವದ ನೆಲದಲ್ಲಿ ಧಾರಾಳವಾಗಿ ಸಾಲುವ ಕೇಬಲ್ಲೇ ಇಲ್ಲಿ ಒಳಗೊಳಗೇ ಬೇಯತೊಡಗುತ್ತದೆ. ಆದಕಾರಣವೇ ಅವನು ಒಂದು ಗಾತ್ರ ಮೇಲಿನದನ್ನು ಆರಿಸಿ, ಮರಳಿನ ಹಾಸಿಗೆಯ ಮೇಲೆ ಮಲಗಿಸಿ, ಮೇಲೆ ಇಟ್ಟಿಗೆ ಹೊದಿಸುತ್ತಾನೆ.

100 ಅಶ್ವಶಕ್ತಿಯ ಮೋಟಾರು 415 ವೋಲ್ಟಿನಲ್ಲಿ ಪೂರ್ಣಭಾರ ಹೊತ್ತಾಗ ಸುಮಾರು 130 ಆಂಪಿಯರು ಸೆಳೆಯುವುದಾದರೂ, ನೇರವಾಗಿ ಚಾಲೂ ಮಾಡಿದ ಆ ಕೆಲವು ಕ್ಷಣಗಳಲ್ಲಿ ಅದರ ಐದಾರು ಪಟ್ಟು ಬೇಡುವುದು. ದೂರ ಹೆಚ್ಚಿದಷ್ಟೂ ವೋಲ್ಟೇಜು ಕುಸಿಯುವುದು. ಆಂಪಿಯರಿನ ಪಟ್ಟಿಯೊಂದನ್ನೇ ನಂಬುವುದು, ನನ್ನೆಣಿಕೆಯಲ್ಲಿ, ಅರ್ಧ ವಿದ್ಯೆ.

ನನಗೆ ಪ್ರಿಯವಾದುದು ಜೋಡಣೆಯ ಗಳಿಗೆ: ನಿಪುಣನು ಅಲ್ಯೂಮಿನಿಯಂ ಎಳೆಗಳ ಮೇಲಣ ಮಬ್ಬುಪೊರೆಯನ್ನು ಉಜ್ಜಿ ತೆಗೆದು, ಲೇಪ ಸವರಿ, ಒಂದೆಳೆಯೂ ಹೊರಗುಳಿಯದಂತೆ ಲಗ್ಗಿನೊಳಗೆ ತುರುಕಿ, ಕ್ರಿಂಪಿಂಗ್ ಯಂತ್ರದಿಂದ ಒತ್ತಿ, ಬಳಿಕ ತನ್ನ ಕೈಯನ್ನೇ ನಂಬದವನಂತೆ ಬಲವಾಗಿ ಜಗ್ಗಿ ನೋಡುವನು. ಮೋಟಾರು ಹಿಮ್ಮುಖವಾಗಿ ತಿರುಗಿತೋ, ಮೂರರಲ್ಲಿ ಯಾವುದಾದರೂ ಎರಡು ತುದಿಗಳನ್ನು ಅದಲುಬದಲು ಮಾಡಿದರಾಯಿತು. ಕಬ್ಬಿನ ಕಾರ್ಖಾನೆಯಲ್ಲೂ ನೂಲಿನ ಗಿರಣಿಯಲ್ಲೂ ಇದೊಂದೇ ಮಂತ್ರ.