ಕಚೇರಿಯಾಗಿ ಉಳಿದ ಮಹಲು

ಮೈಸೂರಿನ ಮೂವರು ರಾಜಕುಮಾರಿಯರಿಗೆಂದು ಕಟ್ಟಿಸಿದ ಮೂರು ಮಹಲುಗಳಲ್ಲಿ ಚೆಲುವಾಂಬ ಮಹಲಿನ ಪಾಲಿಗೆ ಬಂದದ್ದು ಕಚೇರಿಯ ಬಾಳು. 1950ರ ಅಕ್ಟೋಬರ್ 21ರಂದು ಅಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಶುರುವಾಯಿತು. ರಾಜಮನೆತನದ ಕೋಣೆಗಳಿಗೆ ಕಡತ, ಕಪಾಟು ಬಂದವೆಂದರೆ ಮನೆಯ ಮರ್ಯಾದೆ ಹೋಯಿತೆಂದು ಮರುಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂಸ್ಥೆ ಬೆಳೆದಂತೆ ಆವರಣದಲ್ಲಿ ಬೇರೆ ಕಟ್ಟಡಗಳು ಎದ್ದರೂ ಕಂಬಗಳ ಮುಂಭಾಗ, ಅದರೆದುರಿನ ತೋಟ ಇಂದಿಗೂ ಕಣ್ತುಂಬ ಕಾಣುತ್ತವೆ. ಈ ಮರುಬಳಕೆಯ ದೊಡ್ಡ ಗುಣ ಅದೇ.

ಹಿರಿಯಕ್ಕನಿಗಾಗಿ 1905ರಲ್ಲಿ ಎದ್ದ ಜಯಲಕ್ಷ್ಮೀ ವಿಲಾಸದ ಕಥೆ ಬೇರೆ. ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಕೊಂಡು ಜಾನಪದ ವಸ್ತುಸಂಗ್ರಹಾಲಯ ಮಾಡಿತು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯೂ ಆಯಿತು. ಆದರೂ ಎರಡು ದಶಕ ತುಂಬುವುದರೊಳಗೆ ಮಹಲು ಮತ್ತೆ ಶಿಥಿಲವಾಯಿತು. ಆ ಕಾಲದ ಇಂಥ ಕಟ್ಟಡಗಳ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆ ಹಾಕಿರುತ್ತಾರೆ. ಸಣ್ಣ ಸೋರಿಕೆಯೂ ಒಳಗಿನ ತೊಲೆಯನ್ನು ಸದ್ದಿಲ್ಲದೆ ಕೊಳೆಸುತ್ತದೆ. ದಿನವೂ ಹತ್ತು ಜನ ಕೂತು ಕೆಲಸ ಮಾಡುವ ಕೋಣೆಯಲ್ಲಿ ಮೊದಲ ಹನಿ ಬಿದ್ದಾಗಲೇ ಯಾರಾದರೂ ತಲೆಯೆತ್ತಿ ನೋಡುತ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ನೋಡುವವರು ಯಾರು?

ಹಾಗೆಂದು ಕಚೇರಿಗಳೆಲ್ಲ ಹಳೆ ಮನೆಗಳ ಪಾಲಿನ ಪುಣ್ಯವಲ್ಲ. ಹಲವೆಡೆ ಮೊಗಸಾಲೆಗೆ ಪ್ಲೈವುಡ್ ತಡಿಕೆ ಬೀಳುತ್ತದೆ, ಗಾಳಿ ನಿಲ್ಲುತ್ತದೆ, ಆಮೇಲೆ ಏಸಿಗಾಗಿ ಗೋಡೆ ಕೊರೆಯುತ್ತಾರೆ. ಅದಕ್ಕಿಂತ ಕೆಟ್ಟದ್ದು ಸಿಮೆಂಟ್ ಗಿಲಾವು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಉಪ್ಪು ಹೂಬಿಟ್ಟು, ಇಟ್ಟಿಗೆಯ ಮೈ ಪುಡಿಪುಡಿಯಾಗಿ ಉದುರುತ್ತದೆ. ದುರಸ್ತಿಯ ಹೆಸರಿನಲ್ಲೇ ಗೋಡೆ ಸಾಯುತ್ತದೆ. ಇದನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ.

ಬೆಳಗಾವಿ ಜಿಲ್ಲೆಯ ಕುಲಗೋಡ, ಮೂಡಲಗಿ, ಹುಕ್ಕೇರಿ ಕಡೆಯ ವಾಡೆಗಳ, ಅಂದರೆ ಹಳೆಯ ದೊಡ್ಡ ಮನೆಗಳ, ವಿಚಾರಕ್ಕೆ ಈ ಮಹಲುಗಳು ಬಹಳ ದೂರದವಲ್ಲ. ಮಕ್ಕಳು ಬೆಳಗಾವಿ, ಪುಣೆ ಸೇರಿದ ಮೇಲೆ ವಾಡೆಯನ್ನು ಬಾಡಿಗೆಗೆ ಕೊಡುವುದು ತಪ್ಪಲ್ಲ. ಸೊಸೈಟಿಗೋ ವಕೀಲರಿಗೋ ಕೊಡಲಿ. ತಲಬಾಗಿಲು ದಾಟಿದರೆ ಸಿಗುವ ಪಡಸಾಲೆ ಜನ ಬಂದು ಕೂರಲಿಕ್ಕೆಂದೇ ಮಾಡಿದ ಜಾಗ. ಲೆಕ್ಕ ಬರೆಯುವ ಮೇಜು ಅಲ್ಲಿ ಸಲೀಸಾಗಿ ಹಿಡಿಸುತ್ತದೆ. ಆದರೆ ಕಂಬ ಕಿತ್ತು ಶಟರ್ ಕೂರಿಸಲು ಬಿಡಬಾರದು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸುವ ಖರ್ಚು ಯಾರದೆಂಬುದನ್ನೂ ಬಾಡಿಗೆ ಕರಾರಿನಲ್ಲೇ ಬರೆಸಬೇಕು.