ಏಳನೆಯ ಸಂಖ್ಯೆ: ಒಂದು ಚಿತ್ರಕಥೆಯ ವಿಚಾರ

ಅತಿಮಾನುಷ ವೀರರ ಚಿತ್ರಕಥೆಗಳು ಸಾಹಿತ್ಯವಿಚಾರದ ಪಂಕ್ತಿಯಲ್ಲಿ ಕೂರತಕ್ಕವಲ್ಲವೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ಬಿಗಿಯುಡುಪಿನ ವೀರ, ಅವನಿಗೊಬ್ಬ ವೈರಿ, ಹೊಡೆದಾಟ, ಕಡೆಗೆ ಜಯ: ಅವುಗಳಲ್ಲಿ ಹೆಚ್ಚಿನವು ಇಷ್ಟರಲ್ಲಿಯೇ ಮುಗಿಯುವುದೂ ಉಂಟು. ಅಂತಹ ವರ್ಗಕ್ಕೆ ಸೇರಿದ ಕೃತಿಯೊಂದು ಒಡೆದ ಮನೆಯ ಮನಸ್ತಾಪವನ್ನೇ ವಸ್ತುವಾಗಿ ಹಿಡಿದುದನ್ನು ಕಂಡು ನಮಗೆ ಸಂತೋಷವೂ ಆಶ್ಚರ್ಯವೂ ಒಟ್ಟಿಗೆ ಆದುವು. ‘ದಿ ಅಂಬ್ರೆಲಾ ಅಕಾಡೆಮಿ’ ಎಂಬುದು ಅದರ ಹೆಸರು.

ಇದರ ಮೊದಲ ಭಾಗವಾದ ‘ಅಪೊಕ್ಯಾಲಿಪ್ಸ್ ಸ್ವೀಟ್’ 2007-08ರಲ್ಲಿ ಅಮೆರಿಕದ ಡಾರ್ಕ್ ಹಾರ್ಸ್ ಪ್ರಕಾಶನದಿಂದ ಆರು ಸಂಚಿಕೆಗಳಾಗಿ ಹೊರಬಂದಿತು. ಬರೆದವರು ಜೆರಾರ್ಡ್ ವೇ. ‘ಮೈ ಕೆಮಿಕಲ್ ರೊಮಾನ್ಸ್’ ಎಂಬ ವಾದ್ಯತಂಡದ ಗಾಯಕರು. ಚಿತ್ರಗಳು ಬ್ರೆಜಿಲ್ ದೇಶದ ಗೇಬ್ರಿಯಲ್ ಬಾ ಅವರವು. 2008ರಲ್ಲಿ ಇದಕ್ಕೆ ಐಸ್ನರ್ ಪ್ರಶಸ್ತಿ ಸಂದಿತು. 2019ರಿಂದ 2024ರವರೆಗೆ ನೆಟ್‌ಫ್ಲಿಕ್ಸ್ ಸಂಸ್ಥೆ ಇದನ್ನು ಧಾರಾವಾಹಿಯಾಗಿಯೂ ತೋರಿಸಿತು. ನಮ್ಮ ವಿಚಾರ ಪುಸ್ತಕಕ್ಕೆ ಮಾತ್ರ ಸಂಬಂಧಿಸಿದ್ದು.

ಗರ್ಭದ ಕುರುಹೇ ಇಲ್ಲದ ಸ್ತ್ರೀಯರಿಗೆ ಲೋಕದ ಹಲವೆಡೆ ಒಮ್ಮೆಗೇ 43 ಮಕ್ಕಳು ಹುಟ್ಟುತ್ತವೆ. ಅವರಲ್ಲಿ ಏಳು ಮಂದಿಯನ್ನು ಹಾರ್ಗ್ರೀವ್ಸ್ ಎಂಬ ಧನಿಕನು ಲೋಕರಕ್ಷಣೆಗಾಗಿ ದತ್ತು ತೆಗೆದುಕೊಳ್ಳುತ್ತಾನೆ. ಮಕ್ಕಳನ್ನು ಅವನು ಕರೆಯುವುದು ಸಂಖ್ಯೆಗಳಿಂದ. ಅದೂ ತನಗೆ ಒದಗುವ ಉಪಯೋಗದ ಕ್ರಮದಲ್ಲಿ. ಏಳನೆಯವಳು ವಾನ್ಯಾ. ಪಿಟೀಲು ನುಡಿಸುವ ಈ ಹುಡುಗಿಯಲ್ಲಿ ವಿಶೇಷವೇನೂ ಇಲ್ಲವೆಂದು ಸಾಕುತಂದೆಯೇ ತೀರ್ಪು ಕೊಡುತ್ತಾನೆ. ಉಳಿದವರು ಹತ್ತು ವರ್ಷದವರಾಗಿ ಪ್ಯಾರಿಸಿನಲ್ಲಿ ಕೆರಳಿದ ಐಫೆಲ್ ಗೋಪುರದೊಡನೆ ಸೆಣಸುವಾಗ ಇವಳು ತಂದೆಯ ಪಕ್ಕದಲ್ಲಿ ನಿಂತು ನೋಡಬೇಕು, ಅಷ್ಟೆ.

ಮುಂದೆ ಆ ತಂದೆಯ ಸಾವೇ ಚದರಿಹೋದ ಮಕ್ಕಳನ್ನು ಮತ್ತೆ ಸೇರಿಸುತ್ತದೆ. ಆದರೆ ಅವರು ಸೇರಿದುದು ಕಾದಾಡುವುದಕ್ಕೆ. ಲೋಕವನ್ನೇ ಅಳಿಸಬಲ್ಲ ರಾಗವನ್ನು ನುಡಿಸಬಯಸುವ ವಾದ್ಯಗೋಷ್ಠಿಯೊಂದು ವಾನ್ಯಾಳನ್ನು ಆಹ್ವಾನಿಸುತ್ತದೆ. ಮೊದಲು ಅವಳು ಒಲ್ಲೆನೆನ್ನುತ್ತಾಳೆ. ಒಡಹುಟ್ಟಿದವನಂತಿದ್ದವನ ಚುಚ್ಚುಮಾತು ಕೇಳಿದ ಬಳಿಕ ಅಲ್ಲಿಗೇ ಹೋಗುತ್ತಾಳೆ. ಅಲ್ಲಿ ಅವಳ ಶಕ್ತಿ ಎಲ್ಲರದಕ್ಕಿಂತ ಭೀಕರವೆಂದು ತಿಳಿಯುತ್ತದೆ. ಆ ಶಕ್ತಿ ಮೊದಲು ಎರಗುವುದು ತಾನು ಬೆಳೆದ ಮನೆಯ ಮೇಲೆಯೇ.

ಕೃತಿಯ ಹಿರಿಮೆ ಇರುವುದು ಇಲ್ಲಿ. ಪ್ರಳಯವನ್ನು ತಡೆಯಲೆಂದು ಸಾಕಿದ ಮನೆಯೇ ಪ್ರಳಯವನ್ನು ಸಾಕಿಬಿಟ್ಟಿತು. ವೈರಿ ಹೊರಗಿನಿಂದ ಬರಲಿಲ್ಲ; ಊಟದ ಮೇಜಿನ ಕೊನೆಯಲ್ಲಿ ಕುಳಿತಿದ್ದಳು. ಒಳಗಿನವನನ್ನು ಹೊರಗಿಟ್ಟ ಕುಲಕ್ಕೆ ಒದಗುವ ಗತಿಯನ್ನು ಕರ್ಣನ ಕಥೆಯಲ್ಲಿ ಕಂಡ ನಮಗೆ ಇದು ಅಪರಿಚಿತವಲ್ಲ. ಇಷ್ಟನ್ನು ಉಪದೇಶದ ಒಂದು ಮಾತೂ ಇಲ್ಲದೆ ಸಾಧಿಸಿರುವುದು ಲೇಖಕರ ಸಂಯಮಕ್ಕೆ ಸಾಕ್ಷಿ. ಬಾ ಅವರ ಕೋನಕೋನವಾದ ರೇಖೆಗಳೂ ದಟ್ಟ ನೆರಳುಗಳೂ ಆ ವಿಶಾಲ ಮನೆಯ ಚಳಿಯನ್ನು ಕಣ್ಣಿಗೆ ಕಟ್ಟುತ್ತವೆ. ಮಂಗಳ ಗ್ರಹದ ಗೊರಿಲ್ಲದ ಮೈ ಹೊತ್ತ ಹಿರಿಯಣ್ಣ, ಮುದುಕನ ಬುದ್ಧಿ ಬಾಲಕನ ದೇಹದಲ್ಲಿ ಸಿಕ್ಕಿಕೊಂಡ ಐದನೆಯವನು, ಇವರೂ ನಗೆಗಾಗಿ ಮಾತ್ರ ಬಂದವರಲ್ಲ. ಸಹಜವಾಗಿ ಬೆಳೆಯಲು ಬಿಡದ ಬಾಲ್ಯದ ಗುರುತುಗಳನ್ನು ಮೈಮೇಲೆ ಹೊತ್ತವರು.

ದೋಷಗಳಿಲ್ಲದಿಲ್ಲ. ಆರು ಸಂಚಿಕೆಗಳ ಮಿತಿಯಲ್ಲಿ ಘಟನೆಗಳು ಒಂದರ ಮೇಲೊಂದು ನುಗ್ಗುತ್ತವೆ. ವಾದ್ಯಗೋಷ್ಠಿಯ ನಾಯಕನಿಗೆ ಪ್ರಳಯದ ಹಂಬಲವೇಕೆಂಬುದು ಮನದಟ್ಟಾಗುವುದಿಲ್ಲ. ವಾನ್ಯಾಳ ಒಳಗುದಿಗೆ ಇನ್ನೂ ನಾಲ್ಕು ಪುಟ ಸಲ್ಲಬೇಕಿತ್ತು. ಅವಳನ್ನು ಕಡೆಗೆ ತಡೆಯುವುದು ತಮ್ಮವರ ಗುಂಡೇ ಹೊರತು ತಮ್ಮವರ ಮಾತಲ್ಲ. ರಕ್ತಪಾತವೂ ಹೆಚ್ಚು, ಚಿಕ್ಕ ತರಗತಿಗಳ ಮಕ್ಕಳ ಕೈಗೆ ಇದನ್ನು ಕೊಡಲಾಗದು.

ಆದರೆ ಆ ಮಕ್ಕಳಿಗೆ ಕಲಿಸುವವರು ಓದಲೇಬೇಕು. ಹಾಜರಿ ಪುಸ್ತಕದಲ್ಲಿ ಸಂಖ್ಯೆಗಳನ್ನು ಕೂಗುವ ವೃತ್ತಿ ನಮ್ಮದು. ‘ಇವನಲ್ಲಿ ವಿಶೇಷವೇನೂ ಇಲ್ಲ’ ಎಂದು ವರ್ಷದ ಕೊನೆಗೆ ಬರೆಯುವುದು ನಮಗೆ ಎಷ್ಟು ಸುಲಭವೋ, ಬರೆಸಿಕೊಂಡ ಮಗುವಿಗೆ ಅದನ್ನು ಹೊತ್ತು ಬಾಳುವುದು ಅಷ್ಟೇ ಕಠಿಣ. ಹಾರ್ಗ್ರೀವ್ಸನು ಮಕ್ಕಳನ್ನು ಹೊಡೆದು ಕೆಡಿಸಿದುದಕ್ಕಿಂತ ಅಳೆದು ಕೆಡಿಸಿದುದೇ ಹೆಚ್ಚು. ಈ ಮಾತನ್ನು ಶಿಕ್ಷಣಶಾಸ್ತ್ರದ ಗ್ರಂಥಗಳು ಹೇಳುವುದಕ್ಕಿಂತ ಸ್ಪಷ್ಟವಾಗಿ ಒಂದು ಚಿತ್ರಕಥೆ ಹೇಳಿತೆಂಬುದೇ ಅದಕ್ಕೆ ನಾವು ಸಲ್ಲಿಸುವ ಮನ್ನಣೆ.